ಹೊರಗಿನಿಂದ ಹಾಕಿದ ಚಿಲಕ

ಯಾರಾದರೂ ಹತ್ತಿರದಲ್ಲಿ ಬೆಂಕಿಕಡ್ಡಿ ಗೀರಿದರೆ ನನ್ನ ಬಲಗೈ ತಾನಾಗಿ ಮೇಲೆದ್ದು ಗಾಳಿಯಲ್ಲಿ ಏನನ್ನೋ ಪಕ್ಕಕ್ಕೆ ಎಳೆಯುತ್ತದೆ. ದೇವರ ಮುಂದೆ ದೀಪ ಹಚ್ಚುವಾಗ ನಮ್ಮ ಅತ್ತೆ ಇದನ್ನು ಎರಡು ಸಲ ನೋಡಿದರು. ಈಗ ನಾನು ಸ್ನಾನಕ್ಕೆ ಹೋದಾಗ ಅವರು ದೀಪ ಹಚ್ಚಿ ಮುಗಿಸುತ್ತಾರೆ. ನನ್ನ ಕೈ ಎಳೆಯುವುದು ಒಂದು ಕಬ್ಬಿಣದ ಚಿಲಕವನ್ನು. ಬೇಡಕಿಹಾಳದ ಹತ್ತಿರದ ಒಂದು ಬೆಲ್ಲದ ಗಾಣದಲ್ಲಿ, ಪ್ಯಾಕಿಂಗ್ ಕೋಣೆಯ ಬಾಗಿಲಿಗೆ, ಹೊರಬದಿಯಲ್ಲಿ ಅದು ಇತ್ತು. ಅದನ್ನು ಕೂಡಿಸಿದವಳು ನಾನು. ಆ ದಿನ ಅದನ್ನು ಹಾಕಿದ ಕೈಯೂ ನನ್ನದೇ.

ಚಿಕ್ಕೋಡಿಯಲ್ಲಿ ಕಚೇರಿ ಇರುವ ಒಂದು ರೈತರ ಕಂಪನಿಯಲ್ಲಿ ನಾನು ಮಾರುಕಟ್ಟೆ ಸಂಯೋಜಕಿ. ರಸಾಯನಶಾಸ್ತ್ರದಲ್ಲಿ ಪದವಿ ಮಾಡಿದ್ದೇನೆ. ಇಲ್ಲಿಯ ಬೆಲ್ಲವನ್ನು ದಲಾಲಿ ಅಂಗಡಿಯ ಗೋಣಿಚೀಲದಿಂದ ಬಿಡಿಸಿ ನಗರದ ಗಾಜಿನ ಕಪಾಟಿಗೆ ಮುಟ್ಟಿಸುವುದು ನನಗೆ ಒಪ್ಪಿಸಿದ ಕೆಲಸ. ಅದಕ್ಕೆ ಮೊದಲು ನಿಜವಾದ ಬೆಲ್ಲ ಬೇಕಲ್ಲ. ಹೋದ ಹಂಗಾಮಿನ ಆರಂಭದಲ್ಲಿ ಐದು ತಾಲೂಕಿನ ಗಾಣಗಳನ್ನು ಸುತ್ತಿದೆ. ಒಂದು ಕಡೆ ಒಲೆಗೆ ಹಳೆಯ ಟೈರು ಹಾಕುತ್ತಿದ್ದರು. ಇನ್ನೊಂದು ಕಡೆ ಚಪ್ಪಲಿ ಕತ್ತರಿಸಿ ಉಳಿದ ರಬ್ಬರ್ ತುಂಡುಗಳ ಗುಡ್ಡವೇ ಇತ್ತು. ಅದರ ಹೊಗೆ ಹೊಟ್ಟೆಯೊಳಗೆ ಹೋಗಿ ಕೂರುತ್ತಿತ್ತು. ಮತ್ತೊಂದು ಕಡೆ ಕುದಿಯುವ ಹಾಲಿಗೆ (ಕಬ್ಬಿನ ರಸಕ್ಕೆ ಇಲ್ಲಿ ಹಾಲು ಎನ್ನುತ್ತಾರೆ) ಸಕ್ಕರೆಯ ಚೀಲವನ್ನೇ ಬಗ್ಗಿಸುತ್ತಿದ್ದರು. ನಾನು ನೋಡುತ್ತಿದ್ದೇನೆಂದು ಯಾರೂ ಕೈ ತಡೆಯಲಿಲ್ಲ. ನನಗೂ ಒಂದು ಪೆಂಟಿ ಬೆಲ್ಲ ಕಟ್ಟಿ ಕೊಟ್ಟರು. ಊರು ಮುಟ್ಟುವ ಮೊದಲೇ ಅದನ್ನು ಗಾಡಿಯಿಂದ ಕಾಲುವೆಗೆ ಎಸೆದೆ.

ಬೇಡಕಿಹಾಳದ ಗಾಣದಲ್ಲಿ ಒಲೆಗೆ ಒಣ ಕಬ್ಬಿನ ಸಿಪ್ಪೆ ಬಿಟ್ಟು ಬೇರೇನೂ ಬೀಳುತ್ತಿರಲಿಲ್ಲ. ಅಲ್ಲಿಯ ಗುಳವ್ಯಾ, ಅಂದರೆ ಪಾಕ ನೋಡಿ ಬೆಲ್ಲ ಇಳಿಸುವವರು, ಎಪ್ಪತ್ತರ ಹತ್ತಿರದವರು. ಎಲ್ಲರೂ ಕಾಕಾ ಎನ್ನುತ್ತಿದ್ದರು. ಬೆಂಡೆಗಿಡದ ದಂಟು ಜಜ್ಜಿ ಅದರ ಲೋಳೆಯನ್ನು ಹಾಲಿಗೆ ಬಿಡುತ್ತಿದ್ದರು. ಕೊಳೆಯೆಲ್ಲ ಹಸಿರು ನೊರೆಯಾಗಿ ಮೇಲೆ ಬರುತ್ತಿತ್ತು, ಜರಡಿಯಿಂದ ತೆಗೆದು ಚೆಲ್ಲುತ್ತಿದ್ದರು. ಆಮೇಲೆ ಒಂದು ಬಟ್ಟಲು ಸುಣ್ಣದ ತಿಳಿ. ಅಷ್ಟೇ. ಬೆಲ್ಲ ಹಸಿ ಎರೆಮಣ್ಣಿನ ಬಣ್ಣಕ್ಕೆ ಬರುತ್ತಿತ್ತು.

ಆ ಗಾಣದ ಎರಡು ರೂಢಿಗಳನ್ನು ಇಲ್ಲೇ ಹೇಳಬೇಕು. ಒಂದು, ಅಲ್ಲಿ ಒಣ ಬಟ್ಟಲು ಎಂಬುದೇ ಇಲ್ಲ. ಪಾಕ ಅಂಟಬಾರದೆಂದು ಸೌಟು, ಜರಡಿ, ಬಟ್ಟಲು ಎಲ್ಲವೂ ಒಲೆಯ ಪಕ್ಕದ ನೀರಿನ ಬಕೆಟ್ಟಿನಲ್ಲಿ ಮುಳುಗಿರುತ್ತವೆ. ಕಾಕಾ ಕಣ್ಣು ಕಡಾಯಿಯಿಂದ ತೆಗೆಯದೆ ಕೈ ಬಕೆಟ್ಟಿಗೆ ಹಾಕಿ, ನೀರು ತೊಟ್ಟಿಕ್ಕುವ ಬಟ್ಟಲನ್ನು ಎತ್ತುತ್ತಾರೆ. ಇನ್ನೊಂದು, ದಾರಿಯಲ್ಲಿ ಹೋಗುವವರು ಯಾರೇ ಆಗಲಿ ಒಳಗೆ ಬಂದು ಬಿಸಿ ಬೆಲ್ಲ ಕೇಳಬಹುದು, ಇಲ್ಲ ಅನ್ನುವ ಹಾಗಿಲ್ಲ. ಸದಲಗಾ ಕಡೆಯ ಹಾಲಿನ ಗಾಡಿಯವರೊಬ್ಬರು ಕ್ಯಾನು ಇಳಿಸಿ ಮರಳುವಾಗ ದಿನಾ ನಿಲ್ಲಿಸುತ್ತಿದ್ದರು. ಕೈಯಲ್ಲಿ ರೊಟ್ಟಿ ಹಿಡಿದುಕೊಂಡೇ ಇಳಿಯುತ್ತಿದ್ದರು.

"ಇಷ್ಟ ಕಪ್ಪ ಬೆಲ್ಲ ಶಹರದವ್ರ ತಗೋತಾರೇನ್ರಿ ಅಕ್ಕಾರ?" ಎಂದು ಗಾಣದ ಮಾಲಕರು ಮೊದಲ ದಿನ ಕೇಳಿದರು. ಮೂರು ತಲೆಮಾರಿನ ಕಬ್ಬಿನ ಮನೆತನ ಅವರದು. "ನಮ್ಮ ತಮ್ಮಗೋಳು ಕಬ್ಬೆಲ್ಲ ಫ್ಯಾಕ್ಟರಿಗೆ ಕಳಸೂಣು, ಕಡಾಯಿ ಗುಜರಿಗೆ ಹಾಕೂಣು ಅನ್ನಾಕತ್ತಾರ. ಇದೊಂದ ಹಂಗಾಮ ನೋಡ್ತೇನಿ. ನಿಮ್ಮ ಆರ್ಡರ ಕೈ ಹಿಡದ್ರ ಗಾಣಾ ಉಳೀತೈತಿ."

ಗಾಣ ಉಳಿದರೆ ಉಳಿಯುವುದು ಅವರೊಬ್ಬರ ಹೆಸರಷ್ಟೇ ಆಗಿರಲಿಲ್ಲ. ಅಲ್ಲಿ ಅಚ್ಚು ಬೆಲ್ಲ ಕಟ್ಟಲು ಮೂವರು ಹೆಣ್ಣುಮಕ್ಕಳಿದ್ದರು. ಹಿರಿಯರನ್ನು ಎಲ್ಲರೂ ಆಯಿ ಅನ್ನುತ್ತಿದ್ದರು. ಮೂವತ್ತು ವರ್ಷ ಕಬ್ಬು ಕಡಿದ ಮೊಳಕಾಲು ಇನ್ನು ಹೊಲಕ್ಕೆ ಇಳಿಯುವುದಿಲ್ಲ ಎಂದಿತ್ತು. ಕೂತು ಮಾಡುವ ಈ ಕೆಲಸ ಅವರ ಜೀವಮಾನದಲ್ಲಿ ಮೊದಲನೆಯದು. "ನೆರಳಾಗ ಕುಂತ ಕೆಲಸಾ ಮಾಡೂದ ನಂಗ ಇನ್ನೂ ರೂಢಿ ಆಗಿಲ್ರಿ," ಎಂದು ಒಮ್ಮೆ ಹೇಳಿದರು. "ಯಾರರೆ ಬಂದ ಏಳ ಬೇ ಅಂತಾರೇನೋ ಅಂತ ನೋಡ್ತಿರ್ತೇನಿ."

ನಗರದ ಕಂಪನಿಯೊಂದು ನಮ್ಮ ಕಪ್ಪು ಬೆಲ್ಲದ ಮಾದರಿ ನೋಡಿ ಕುಣಿದಾಡಿತು. ಇಂಥದ್ದನ್ನೇ ಜನ ಹುಡುಕುತ್ತಿದ್ದಾರೆ ಎಂದರು. ಪೊಟ್ಟಣದ ಮೇಲಿನ ಮಾತು ನಾನೇ ಬರೆದುಕೊಟ್ಟೆ: ಬೆಂಡೆಯ ಲೋಳೆಯಿಂದ ತಿಳಿಗೊಳಿಸಿದ, ಯಾವ ರಾಸಾಯನಿಕವೂ ಸೋಕದ ಬೆಲ್ಲ. ಮಾತಿನ ಪಕ್ಕದಲ್ಲಿ ಆಯಿಯ ನಗುವ ಫೋಟೋ.

ಆಮೇಲೆ ಪಟ್ಟಿಗಳು ಬರತೊಡಗಿದವು. ಪ್ಯಾಕಿಂಗಿಗೆ ಬೇರೆ ಕೋಣೆ ಇರಬೇಕು. ಜೇನು, ನೊಣ ಬರದಂತೆ ಕಿಟಕಿಗೆ ಪ್ಲಾಸ್ಟಿಕ್ ಹಾಳೆ ಬಡಿಯಬೇಕು. ಹೊರಗಿನವರು ಒಳಗೆ ಕಾಲಿಡಬಾರದು. ತಗಡಿನ ಗೋಡೆ ಹಾಕಿಸಿ ಕೋಣೆ ಮಾಡಿಸಿದೆವು. ಮೊದಲ ವಾರ ಚಿಲಕ ಒಳಗಡೆಗೆ ಇತ್ತು. ಆದರೆ ಯಾರು ಬಾಗಿಲು ಬಡಿದರೂ ಒಳಗಿನವರು ತೆರೆಯುತ್ತಿದ್ದರು. ಬಂದವರು ಯಾರದೋ ಬೀಗರು, ಯಾರದೋ ತವರಿನವರು. ಬಿಸಿ ಬೆಲ್ಲ ಕೇಳಿದವರಿಗೆ ಇಲ್ಲ ಅನ್ನಲು ಬಾಯಿ ಬರುತ್ತಿರಲಿಲ್ಲ. ಅದಕ್ಕೇ ನಾನು ಚಿಲಕ ಕಿತ್ತು ಹೊರಗೆ ಕೂಡಿಸಿದೆ.

ಹಾಲಿನ ಗಾಡಿಯವರು ರೊಟ್ಟಿ ಹಿಡಿದು ನಿಂತು ಅದನ್ನು ನೋಡಿದರು. "ಬೆಲ್ಲ ಬ್ಯಾಂಕಿನ್ಯಾಗ ಇಟ್ಟಾರಪಾ. ಇನ್ನ ತಿನ್ನಾಕ ಪಾಸಬುಕ್ ತರಬೇಕ್ರಿ."

ಎರಡು ಕಂತು ಮಾಲು ಹೋದ ಮೇಲೆ ನಗರದ ಕಂಪನಿಯ ಪ್ರತಿನಿಧಿ ಫೋನ್ ಮಾಡಿದರು. ಗ್ರಾಹಕರಿಗೆ ಕಪ್ಪು ಬಣ್ಣ ಕೊಳಕು ಅನ್ನಿಸುತ್ತಿದೆಯಂತೆ. ಅಂಚೆಯಲ್ಲಿ ಒಂದು ಬಣ್ಣದ ಪಟ್ಟಿ ಬಂತು, ತಿಳಿಯಿಂದ ಗಾಢದವರೆಗೆ ಐದು ಚೌಕ. ಎರಡನೆಯದಕ್ಕೆ ಗುರುತು ಹಾಕಿದ್ದರು. ಬಂಗಾರದ ಬಣ್ಣ ಅದು. ಆ ಪಟ್ಟಿಯನ್ನು ನಾನೇ ತೆಗೆದುಕೊಂಡು ಹೋಗಿ ಕಡಾಯಿಯ ಎದುರಿನ ಕಂಬಕ್ಕೆ ಅಂಟಿಸಿದೆ.

ಕಾಕಾ ಕನ್ನಡಕ ಏರಿಸಿ ನೋಡಿದರು. "ಇದ ಬೆಲ್ಲದ ಬಣ್ಣ ಅಲ್ರಿ ಅಕ್ಕಾರ. ಇದು ಅರಿಶಿಣ ಹಚ್ಚೂ ದಿನದ ಸೀರಿ ಬಣ್ಣ."

"ಸ್ವಲ್ಪಾದ್ರೂ ತಿಳಿ ಮಾಡಾಕ ಬರತೈತೇನ್ರಿ ಕಾಕಾ?"

"ನೋಡೂಣು ತಗೋರಿ. ನಿಮ್ಮ ಸೀರಿ ನಿಮಗ ನೇದ ಕೊಡೂಣು."

ಮನಸ್ಸಿಟ್ಟು ನೋಡಿದರು. ಬೆಂಡೆಯ ಲೋಳೆ ಹೆಚ್ಚಿಸಿದರು, ಸುಣ್ಣ ಇಳಿಸಿದರು. ಕಬ್ಬು ಕಡಿದ ದಿನವೇ ಅರೆದರು. ತುದಿಯ ಗಣ್ಣುಗಳನ್ನೂ ಬುಡದ ಗಣ್ಣುಗಳನ್ನೂ ತೆಗೆದು ನಡುವಿನದನ್ನು ಮಾತ್ರ ಹಾಕಿದರು. ಉರಿ ಸಣ್ಣ ಮಾಡಿದರು. ನಾಲ್ಕನೆಯ ಚೌಕದಿಂದ ಮೂರನೆಯದರ ಹತ್ತಿರಕ್ಕೆ ಬಂತು. ಅದರಾಚೆ ಒಂದು ಎಳೆಯೂ ಸರಿಯಲಿಲ್ಲ. ಮೂರನೆಯ ಚೌಕದ ಫೋಟೋ ಕಳಿಸಿದೆ. "ಇನ್ನೂ ಒಂದು ಮೆಟ್ಟಿಲು, ಮೇಡಂ," ಎಂದು ಉತ್ತರ ಬಂತು, ಕೈ ಮುಗಿದ ಚಿತ್ರದ ಜೊತೆ.

ಒಂದು ಬೆಳಿಗ್ಗೆ ಹೋದಾಗ ತೊಟ್ಟಿಯಲ್ಲಿ ಆರುತ್ತಿದ್ದ ಬೆಲ್ಲ ಎರಡನೆಯ ಚೌಕದಂತೆಯೇ ಇತ್ತು. ಬಂಗಾರ. ಮಾಲಕರು ಕೈಕಟ್ಟಿ ನಿಂತಿದ್ದರು. ಕಾಕಾ ನನ್ನ ಕಡೆ ನೋಡದೆ ಜರಡಿ ತೊಳೆಯುತ್ತಿದ್ದರು, ತೊಳೆದದ್ದನ್ನೇ ಮತ್ತೆ ತೊಳೆಯುತ್ತಿದ್ದರು. ಬೆಂಡೆಯ ದಂಟು ಮೂಲೆಯಲ್ಲಿ ಬಾಡಿ ಬಿದ್ದಿತ್ತು. ರಸಾಯನಶಾಸ್ತ್ರ ಓದಿದವಳಿಗೆ ಇನ್ನೇನು ಹೇಳಬೇಕು? ಹೈಡ್ರೋಸ್ ಹಾಕಿದರೆ ಎಂಥ ಬೆಲ್ಲವೂ ಹೀಗೆ ಬಿಳುಚುತ್ತದೆ. ಈ ಭಾಗದ ಗಾಣಗಳಲ್ಲಿ ಅದಕ್ಕೆ ಬರೀ ಪೌಡರ್ ಎನ್ನುತ್ತಾರೆ.

ನಾನು ಕೇಳಲಿಲ್ಲ. "ಬಣ್ಣ ಚಲೋ ಬಂದೈತಿ," ಎಂದೆ. ಫೋಟೋ ತೆಗೆದೆ, ಕಳಿಸಿದೆ. ಈ ಬರಹದಲ್ಲಿ ಎಲ್ಲರನ್ನೂ ಕಂಡು ನಾನು ಮೂಗು ಮುರಿಯಬಹುದು, ಆದರೆ ಆ ಬೆಳಿಗ್ಗೆಯ ನನ್ನ ಮಾತು ನೆನಪಾದಾಗ ಬರುವಷ್ಟು ಹೇಸಿಗೆ ಬೇರೆ ಯಾವುದಕ್ಕೂ ಬರುವುದಿಲ್ಲ.

ಪ್ರತಿನಿಧಿ ತಪಾಸಣೆಗೆ ಬರುವ ದಿನ ನಿಗದಿಯಾಯಿತು. ದೊಡ್ಡ ಆರ್ಡರಿಗೆ ಮೊದಲಿನ ಕೊನೆಯ ಭೇಟಿ. ಅವರು ಒಪ್ಪಿದರೆ ಗಾಣ ಉಳಿಯಿತು.

ಅವತ್ತು ಬೆಳಿಗ್ಗೆ ಹತ್ತಕ್ಕೆ ನಾನು ಮುಟ್ಟಿದೆ. ಮೊದಲ ಕಡಾಯಿ ಆಗಲೇ ಇಳಿದಿತ್ತು. ಆಮೇಲೆ ತಿಳಿದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ: ಆ ಕಡಾಯಿಗೆ ಪೌಡರ್ ಹಾಕುವಾಗ ಮಾಲಕರು ಅವಸರ ಮಾಡಿದ್ದರು. ಕಾಕಾನ ಕೈ ರೂಢಿಯಂತೆ ನೀರಿನ ಬಕೆಟ್ಟಿಗೆ ಹೋಗಿ, ತೊಟ್ಟಿಕ್ಕುವ ಬಟ್ಟಲನ್ನು ಹಿಡಿದು, ಅದೇ ಬಟ್ಟಲಿನಿಂದ ಡ್ರಮ್ಮಿನ ಪೌಡರ್ ತೋಡಿತ್ತು. ನಲವತ್ತು ವರ್ಷ ಸುಣ್ಣವನ್ನು ಹಾಗೆಯೇ ತೋಡಿದ ಕೈ. ಸುಣ್ಣಕ್ಕೆ ನೀರು ಬಿದ್ದರೆ ಏನೂ ಆಗುವುದಿಲ್ಲ, ಅವರ ಸುಣ್ಣ ಯಾವಾಗಲೋ ಅರಳಿದ್ದು. ಈ ಪೌಡರಿಗೆ ನಾಲ್ಕು ಹನಿ ಬಿದ್ದರೆ ಸಾಕು, ಒಳಗೊಳಗೇ ಕಾಯುತ್ತ ಹೋಗುತ್ತದೆ, ವಿಷದ ಹೊಗೆ ಬಿಡುತ್ತದೆ, ಕೊನೆಗೆ ಹತ್ತಿಕೊಳ್ಳುತ್ತದೆ. ಅದನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಹೇಳಬಲ್ಲವಳು ನಾನೊಬ್ಬಳೇ ಇದ್ದೆ. ಹೇಳಬೇಕಾದರೆ ಪೌಡರ್ ಇದೆಯೆಂದು ನನಗೆ ಗೊತ್ತಿದೆ ಎಂದು ಒಪ್ಪಬೇಕಾಗಿತ್ತು.

ಡ್ರಮ್ಮಿನ ಮುಚ್ಚಳ ಬಿಗಿದು, ತಪಾಸಣೆಗೆ ಕಾಣಬಾರದೆಂದು ಅದನ್ನು ಪ್ಯಾಕಿಂಗ್ ಕೋಣೆಗೆ ಸಾಗಿಸಿ, ರಟ್ಟಿನ ಪೆಟ್ಟಿಗೆಗಳ ಹಿಂದೆ ಇಟ್ಟರು. ನಾನು ಮುಟ್ಟುವ ಹೊತ್ತಿಗೆ ಎಲ್ಲ ಓರಣವಾಗಿತ್ತು.

ಮೂವರೂ ತಲೆಗೆ ಜಾಳಿಗೆ ಟೊಪ್ಪಿಗೆ ಹಾಕಿ ಒಳಗೆ ಕೂತಿದ್ದರು. ನಾನು ಬಾಗಿಲು ಎಳೆಯುವಾಗ ಆಯಿ ನಕ್ಕರು.

"ಚಿಲಕ ಬೆಲ್ಲಕ್ಕೇನ್ರಿ ಅಕ್ಕಾರ, ನಮಗೇನ್ರಿ?"

"ಅರ್ಧ ತಾಸು ಅಷ್ಟೇ, ಆಯಿ. ಸಾಹೇಬ್ರ ನೋಡಿ ಹೋಗೂತನಕ."

"ಆತು, ಆತು. ಹಾಕ್ರಿ. ಓಡಿ ಹೋಗೂ ವಯಸ್ಸೇನ ಉಳದಿಲ್ಲ."

ಪ್ರತಿನಿಧಿ ಬಿಳಿ ಕಾರಿನಲ್ಲಿ ಬಂದರು. ಚಂದ ಮಾತನಾಡುವ, ಚಂದ ಬೂಟು ಹಾಕಿದ ಯುವಕ. ಮೊಬೈಲಿನಲ್ಲಿ ವಿಡಿಯೊ ಮಾಡಬೇಕೆಂದರು. ಅರೆಯುವ ಕಬ್ಬು ಮುಗಿದಿದ್ದರೂ ಶಬ್ದ ಚೆನ್ನಾಗಿ ಬರಲಿ ಎಂದು ಯಂತ್ರವನ್ನು ಖಾಲಿಯಾಗಿಯೇ ಓಡಿಸಲು ಹೇಳಿದರು. ಎರಡನೆಯ ಕಡಾಯಿ ಕುದಿಯುತ್ತಿತ್ತು. ಅದಕ್ಕೆ ತೋರಿಕೆಗಾಗಿ ಬೆಂಡೆಯ ಲೋಳೆ ಬಿಡಿಸಿದರು. "ಕಾಕಾ, ಸ್ವಲ್ಪ ಕ್ಯಾಮೆರಾ ಕಡೆ ನೋಡಿ. ಸಹಜವಾಗಿರಿ."

"ಸಹಜ ಇದ್ರ ಕಡಾಯಿ ಕಡೆ ನೋಡಬೇಕಾಗತೈತ್ರಿ," ಎಂದರು ಕಾಕಾ. ಅವರ ಮುಖ ಗಂಟಾಗಿತ್ತು.

ವಾಸನೆ ಮೊದಲು ಬಂದದ್ದು ಆಗ. ಯಾರೋ ಒಟ್ಟಿಗೆ ನೂರು ಕಡ್ಡಿ ಗೀರಿದಂತೆ. ಪ್ರತಿನಿಧಿ ಸೀನಿದರು, ಒಲೆಯ ಹೊಗೆ ಎಂದುಕೊಂಡು ಹಿಂದೆ ಸರಿದು ಮತ್ತೆ ಮೊಬೈಲ್ ಎತ್ತಿದರು. ನನಗೆ ಆ ವಾಸನೆ ಗೊತ್ತು. ಕಾಲೇಜಿನ ಪ್ರಯೋಗಾಲಯದಲ್ಲಿ ಕಿಟಕಿ ತೆರೆದಿಟ್ಟು ಮಾಡುತ್ತಿದ್ದ ಪ್ರಯೋಗದ ವಾಸನೆ. ಗೊತ್ತಿದ್ದೂ ನಿಂತೆ. ಗಂಧಕ, ಗಂಧಕ ಎಂದು ತಲೆಯೊಳಗೆ ಹೆಸರು ಹೇಳುತ್ತ ನಿಂತೆ. ಪ್ಯಾಕಿಂಗ್ ಕೋಣೆಯ ತಗಡು ನಡುಗುತ್ತಿದ್ದುದು ಕಣ್ಣಿಗೆ ಕಾಣುತ್ತಿತ್ತು, ಯಂತ್ರದ ಸದ್ದಿನಲ್ಲಿ ಕಿವಿಗೆ ಕೇಳುತ್ತಿರಲಿಲ್ಲ. ಬಡಿಯುತ್ತಿದ್ದಾರೆ ಎಂದು ಅರ್ಥವಾಗಲು ನನಗೆ ಎಷ್ಟು ಹೊತ್ತು ಹಿಡಿಯಿತೋ, ಈಗಲೂ ಲೆಕ್ಕ ಸಿಗುವುದಿಲ್ಲ.

ಕಾಕಾ ಸೌಟು ಬಿಟ್ಟರು. ಪಾಕ ಏರುತ್ತಿರುವ ಹೊತ್ತಿನಲ್ಲಿ ಗುಳವ್ಯಾ ಕಡಾಯಿ ಬಿಟ್ಟು ಹೋಗುವುದನ್ನು ಆ ಗಾಣ ಎಂದೂ ಕಂಡಿರಲಿಕ್ಕಿಲ್ಲ. ಅವರು ಓಡಿದ ಮೇಲೆ ನಾನು ಓಡಿದೆ, ಅವರಿಗಿಂತ ಮೊದಲು ಮುಟ್ಟಿದೆ. ಚಿಲಕ ಹಿಡಿದು ಎಳೆದೆ. ಬರಲಿಲ್ಲ. ಬಾಗಿಲು ಹೊರಕ್ಕೆ ತೆರೆಯುವಂಥದ್ದು. ಒಳಗಿನವರು ಮೈಯೆಲ್ಲ ಹಾಕಿ ದೂಡುತ್ತಿದ್ದರು, ಕಬ್ಬಿಣದ ಸಲಾಕೆ ತನ್ನ ಬಳೆಯಲ್ಲಿ ಕಚ್ಚಿಕೊಂಡಿತ್ತು. ಅವರು ದೂಡಿದಷ್ಟೂ ಅದು ಬಿಗಿಯಾಗುತ್ತಿತ್ತು. ನನ್ನ ಉಗುರು ಕಿತ್ತುಬಂತು. ಬಾಗಿಲ ಸಂದಿಯಿಂದ ಹೊಗೆ ಬಂದು ಕಣ್ಣಿಗೆ ಬಡಿಯಿತು.

ಕಾಕಾ ತಗಡಿಗೆ ಬಾಯಿ ಹಚ್ಚಿ ಕೂಗಿದರು: "ಹಿಂದ ಸರೀರಿ ಬೇ. ದೂಡಬ್ಯಾಡ್ರಿ, ಹಿಂದ ಸರೀರಿ."

ಉಸಿರು ಕಟ್ಟುವ ಕೋಣೆಯಲ್ಲಿ ಬಾಗಿಲಿನಿಂದ ಹಿಂದೆ ಸರಿ ಎಂದರೆ ಯಾರು ಸರಿಯುತ್ತಾರೆ? ಅವರು ಸರಿದರು, ಕಾಕಾನ ಧ್ವನಿಗೆ. ಸಲಾಕೆ ಸಡಿಲಾಯಿತು. ಬಾಗಿಲು ತೆರೆದಾಗ ಇಬ್ಬರು ನನ್ನ ಮೇಲೆಯೇ ಬಿದ್ದರು, ಕೆಮ್ಮುತ್ತ, ಟೊಪ್ಪಿಗೆ ಕಣ್ಣ ಮೇಲೆ ಇಳಿದು.

ಆಯಿ ಬರಲಿಲ್ಲ.

ಹೊಗೆ ಎದ್ದದ್ದು ಕಂಡ ಕೂಡಲೇ ಅವರು ಕುಡಿಯುವ ನೀರಿನ ಕೊಡ ಎತ್ತಿಕೊಂಡು ಪೆಟ್ಟಿಗೆಗಳ ಹಿಂದೆ ಹೋಗಿ, ಮುಚ್ಚಳ ಸಿಡಿದ ಡ್ರಮ್ಮಿನ ಮೇಲೆ ಸುರಿದಿದ್ದರಂತೆ. ಬೆಂಕಿಗೆ ನೀರು. ಯಾರಾದರೂ ಮಾಡುವುದು ಅದನ್ನೇ. ಆ ಅರ್ಧ ಕೊಡ ನೀರು ಹೊಗೆಯನ್ನು ನಾಲ್ಕು ಪಟ್ಟು ಮಾಡಿತ್ತು. ಕಾಕಾ ಹೆಗಲ ಮೇಲಿನ ಟವೆಲ್ಲನ್ನು ಬಕೆಟ್ಟಿನಲ್ಲಿ ಅದ್ದಿ ಮುಖಕ್ಕೆ ಕಟ್ಟಿ ಒಳಗೆ ಹೋದರು. ನಾನು ಹೋಗಲಿಲ್ಲ. ಬಾಗಿಲು ಹಿಡಿದು ನಿಂತಿದ್ದೆ, ಅದು ಮತ್ತೆ ಮುಚ್ಚಿಕೊಳ್ಳದಂತೆ. ಆಗ ಅದೇ ಬಹಳ ಮುಖ್ಯವಾದ ಕೆಲಸ ಅನ್ನಿಸಿತ್ತು. ಅವರು ಆಯಿಯ ರಟ್ಟೆ ಹಿಡಿದು ನೆಲದ ಮೇಲೆ ಎಳೆದುಕೊಂಡು ಬಂದರು. ಆಯಿಯ ಒಂದು ಕೈಯಲ್ಲಿ ಕೊಡ ಇನ್ನೂ ಇತ್ತು.

ಮಾಲಕರು ತೋಟದ ನೀರಿನ ಪೈಪು ಎಳೆದುಕೊಂಡು ಬರುತ್ತಿದ್ದರು. "ನೀರ ಬ್ಯಾಡ್ರಿ," ಎಂದು ಅಡ್ಡ ನಿಂತೆ. ಆ ದಿನ ಗಾಣದಲ್ಲಿ ನಾನು ಮಾಡಿದ ಒಂದೇ ಸರಿಯಾದ ಕೆಲಸ ಅದು. ಹಿಂದಿನ ತಗಡು ಕಿತ್ತು, ಒಲೆಯ ಬೂದಿ ಎಳೆಯುವ ಉದ್ದನೆಯ ಕೊಕ್ಕೆಯಿಂದ ಡ್ರಮ್ಮನ್ನು ಬಯಲಿಗೆ ಎಳೆದರು. ಅಲ್ಲಿ ಅದು ನೀಲಿ ಅಂಚಿನ ಉರಿಯಾಗಿ ತನ್ನಷ್ಟಕ್ಕೆ ಉರಿಯಿತು. ಇತ್ತ ಬಿಟ್ಟುಬಂದ ಕಡಾಯಿಯಲ್ಲಿ ಪಾಕ ಸುಟ್ಟು ಕರಿ ಹೊಗೆ ಎದ್ದಿತ್ತು. ಯಂತ್ರ ಇನ್ನೂ ಖಾಲಿ ಓಡುತ್ತಿತ್ತು.

ಮಾಲಕರು ನನ್ನ ಕಿವಿಯ ಹತ್ತಿರ ಬಂದು ಕೇಳಿದ ಮೊದಲ ಮಾತು: "ಸಾಹೇಬ್ರ ಡ್ರಮ್ಮ ನೋಡಿದ್ರೇನ್ರಿ?"

ಸಾಹೇಬರು ಕಾರಿನ ಹತ್ತಿರ ನಿಂತು ಬೂಟಿನ ಮೇಲಿನ ಬೂದಿ ಒರೆಸಿಕೊಳ್ಳುತ್ತಿದ್ದರು. "ಪ್ಯಾಕ್ ಆಗಿರುವ ಸ್ಟಾಕಿಗೆ ಹೊಗೆ ತಾಗಿಲ್ಲ ತಾನೆ, ಮೇಡಂ?" ಎಂದರು. ಆಯಿ ಅವರಿಂದ ಹತ್ತು ಹೆಜ್ಜೆ ದೂರದಲ್ಲಿ ಕಬ್ಬಿನ ಸಿಪ್ಪೆಯ ಮೇಲೆ ಮಲಗಿ, ಒಡೆದ ತಿದಿಯಂತೆ ಉಸಿರೆಳೆಯುತ್ತಿದ್ದರು. ಆ ಬಿಳಿ ಕಾರು ತಿರುಗಿ ರಸ್ತೆ ಹಿಡಿಯಿತು. ಅದರಲ್ಲಿ ನಾಲ್ಕು ಸೀಟು ಖಾಲಿ ಇದ್ದವು.

ಆಯಿಯನ್ನು ಒಯ್ದದ್ದು ಹಾಲಿನ ಗಾಡಿ. ಆ ಹೊತ್ತಿಗೆ ಸರಿಯಾಗಿ ಗಾಡಿಯವರು ರೊಟ್ಟಿ ಹಿಡಿದು ಇಳಿಯುತ್ತಿದ್ದರು. ರೊಟ್ಟಿ ಬೋನೆಟ್ಟಿನ ಮೇಲೆಯೇ ಉಳಿಯಿತು. ಖಾಲಿ ಕ್ಯಾನುಗಳ ನಡುವೆ ನಾನು ಕೂತೆ, ಆಯಿಯ ತಲೆ ನನ್ನ ತೊಡೆಯ ಮೇಲೆ. ಮಾಲಕರು ಮುಂದೆ ಕೂತರು. ಚಿಕ್ಕೋಡಿ ಬರುವವರೆಗೆ ಹಾಲಿನ ಗಾಡಿಯವರು ಒಂದೇ ಮಾತಾಡಿದ್ದು, ಅದೂ ಕನ್ನಡಿಯಲ್ಲಿ ನನ್ನನ್ನು ನೋಡಿ: "ಚಿಲಕಾ ಯಾರ ಹಾಕಿದ್ರಿ?"

ದವಾಖಾನೆಯ ಮೆಟ್ಟಿಲಲ್ಲಿ ಮಾಲಕರು ನನ್ನನ್ನು ತಡೆದರು. ಸಿಟ್ಟಿನಿಂದಲ್ಲ. ಬಹಳ ಮೆತ್ತಗೆ, ಮನೆಯ ಹೆಣ್ಣುಮಗಳಿಗೆ ಹೇಳುವ ಹಾಗೆ. "ಒಲಿ ಹೊಗಿ ಅಂತ ಹೇಳೂಣು ಅಕ್ಕಾರ. ಹಸಿ ಸಿಪ್ಪಿ ಹಾಕಿದ್ವಿ, ಹೊಗಿ ಆತು. ನೀವ ಪೌಡರ ಅಂದ್ರ ಆರ್ಡರ ಹೋತು, ಗಾಣಾ ಹೋತು. ಆಯಿ ಉಳದ ಬಂದ್ರ ಕೆಲಸಾ ಎಲ್ಲಿ ಮಾಡಬೇಕ್ರಿ ಪಾಪ? ಮತ್ತ ಕಬ್ಬ ಕಡೀಬೇಕೇನು?"

ಆಯಿಯ ಬಗ್ಗೆ ಹೇಳಿದ್ದರಲ್ಲಿ ಸುಳ್ಳು ಇರಲಿಲ್ಲ. ಅದೇ ಅದರ ಕೆಟ್ಟತನ.

ಒಳಗೆ ವೈದ್ಯರು ಕೇಳಿದರು, ಯಾವ ಹೊಗೆ? "ಒಲಿ ಹೊಗಿರಿ ಸಾಹೇಬ್ರ," ಎಂದರು ಮಾಲಕರು. ವೈದ್ಯರು ಬರೆದುಕೊಳ್ಳತೊಡಗಿದರು. ಒಲೆಯ ಹೊಗೆಯಾದರೆ ಸ್ವಲ್ಪ ಹೊತ್ತು ಆಮ್ಲಜನಕ ಕೊಟ್ಟು ಸಂಜೆಯ ಮೊದಲು ಮನೆಗೆ ಕಳಿಸಬಹುದು ಎಂದು ದಾದಿಗೆ ಹೇಳುತ್ತಿದ್ದರು. ಆಯಿ ಕಣ್ಣು ತೆರೆದಿದ್ದರು. ನನ್ನನ್ನು ನೋಡುತ್ತಿದ್ದರೋ ಇಲ್ಲವೋ ತಿಳಿಯದು, ಕಣ್ಣೆಲ್ಲ ಕೆಂಪು ನೀರು. ಪೆನ್ನು ಸಾಲಿನ ಕೊನೆ ಮುಟ್ಟುವವರೆಗೂ ನಾನು ಸುಮ್ಮನಿದ್ದೆ. ಇದನ್ನೂ ಬರೆಯಬೇಕು: ಸುಮ್ಮನಿದ್ದೆ.

ಆಮೇಲೆ ಹೇಳಿದೆ. ಅದು ಒಲೆಯ ಹೊಗೆಯಲ್ಲ ಎಂದೆ. ಚೀಟಿ ಕೇಳಿ ಪಡೆದು ಸೋಡಿಯಂ ಹೈಡ್ರೋಸಲ್ಫೈಟ್ ಎಂದು ಬರೆದೆ, ಹೊಗೆ ಯಾವ ಅನಿಲವೆಂದು ಬರೆದೆ, ಮುಚ್ಚಿದ ಕೋಣೆ ಎಂದು ಬರೆದೆ. ಹೊರಗಿನಿಂದ ಚಿಲಕ ಹಾಕಿತ್ತು ಎಂದೂ ಬರೆದೆ, ಅದನ್ನು ಯಾರೂ ಕೇಳಿರಲಿಲ್ಲ. ಮಾಲಕರು ಕುರ್ಚಿಯಿಂದ ಎದ್ದು ಹೊರಗೆ ಹೋದರು. ವೈದ್ಯರು ಮೊದಲಿನ ಸಾಲು ಹೊಡೆದು ಹಾಕಿದರು. ಈ ಅನಿಲವಾದರೆ ಪುಪ್ಪುಸದಲ್ಲಿ ನೀರು ತುಂಬುವುದು ಎಷ್ಟೋ ತಾಸು ಕಳೆದ ಮೇಲೆ, ಮನೆಗೆ ಕಳಿಸುವ ಮಾತೇ ಇಲ್ಲ, ಉಳಿದಿಬ್ಬರನ್ನೂ ಕರೆಸಿ ಎಂದರು. ಹಾಗೆಯೇ ಆಯಿತು. ಬಿಸಿಲು ಇಳಿಯುವ ಹೊತ್ತಿಗೆ ಆಯಿಯ ತುಟಿ ನೀಲಿಗಟ್ಟಿತು. ಮನೆಯಲ್ಲಿದ್ದಿದ್ದರೆ ಹಾಲಿನ ಗಾಡಿಯೂ ಸಿಗುತ್ತಿರಲಿಲ್ಲ. ಐದನೆಯ ದಿನ ಅವರು ಎದ್ದು ಕೂತರು.

ಮೂರನೆಯ ದಿನವೇ ಪ್ರತಿನಿಧಿಯ ಫೋನ್ ಬಂದಿತ್ತು. "ಘಟನೆ ನಿಮ್ಮ ಆಂತರಿಕ ವಿಷಯ, ಮೇಡಂ. ನಾವು ತಲೆ ಹಾಕುವುದಿಲ್ಲ. ಮಾಲು ಯಾವಾಗ ಹೊರಡುತ್ತೆ? ಈ ಸಲದ ಬಣ್ಣ ನಮ್ಮ ತಂಡಕ್ಕೆ ತುಂಬಾ ಇಷ್ಟವಾಗಿದೆ." ಫೋನ್ ಇಟ್ಟು ಆಯಿಯ ಮಂಚದ ಹತ್ತಿರ ಮರಳಿದೆ.

ಪ್ರತಿ ಕಂತಿನ ಜೊತೆ ರಾಸಾಯನಿಕ ಬಳಸಿಲ್ಲ ಎಂಬ ಹಾಳೆಗೆ ನಾನು ಸಹಿ ಮಾಡಿ ಕಳಿಸಬೇಕಿತ್ತು. ಈ ಸಲ ಅದೇ ಹಾಳೆಯಲ್ಲಿ, ಹೈಡ್ರೋಸ್ ಬಳಸಲಾಗಿದೆ ಎಂದು ಬರೆದು ಸಹಿ ಮಾಡಿದೆ. ಪ್ರತಿನಿಧಿ ಮತ್ತೆ ಫೋನ್ ಮಾಡಿದರು, ಮೊದಲ ಸಲ ಧ್ವನಿ ಏರಿಸಿ. "ಹೀಗೆ ಬರೆಯುವ ಅಗತ್ಯವೇನಿತ್ತು? ಆ ಜಾಗ ಖಾಲಿ ಬಿಟ್ಟಿದ್ದರೆ ಸಾಕಿತ್ತಲ್ಲ." ಆರ್ಡರ್ ರದ್ದಾಯಿತು, ಗುಣಮಟ್ಟದ ಕಾರಣಕ್ಕೆ. ಮಾಲಕರು ಪೊಟ್ಟಣ ಹರಿದು ಆ ಬಂಗಾರದ ಬೆಲ್ಲವನ್ನು ಸುರಿದು ಗೋಣಿಚೀಲಕ್ಕೆ ತುಂಬಿ ಸಾಮಾನ್ಯ ಪೇಟೆಗೆ ಕಳಿಸಿದರು. ಅಲ್ಲಿ ಯಾರೂ ಹಾಳೆ ಕೇಳುವುದಿಲ್ಲ. ನಾನು ತಡೆಯಲು ಹೋದಾಗ, "ಇದ ನನ್ನ ಬೆಲ್ಲರಿ. ನಿಮ್ಮ ಕಂಪನೀ ಬೆಲ್ಲ ಸುಟ್ಟ ಹೋತು," ಎಂದರು. ಯಾರ ಮನೆಯ ಚಹಾದಲ್ಲಿ ಅದು ಕರಗಿತೋ. ಆ ನಗರದ ಕಂಪನಿ ಬೇರೆಲ್ಲಿಂದಲೋ ಮಾಲು ಹಿಡಿದಿದೆ. ಪೊಟ್ಟಣದ ಮೇಲೆ ನನ್ನ ಮಾತು ಹಾಗೇ ಇದೆ, ಆಯಿಯ ನಗುವೂ ಹಾಗೇ ಇದೆ. ತೆಗೆಯಿರಿ ಎಂದು ಎರಡು ಪತ್ರ ಬರೆದಿದ್ದೇನೆ, ಉತ್ತರವಿಲ್ಲ. ನಮ್ಮ ಕಚೇರಿಯ ವಾರ್ಷಿಕ ವರದಿಯಲ್ಲೂ ಅದೇ ಫೋಟೋ ಬಂತು, ಯಶೋಗಾಥೆ ಎಂಬ ಪುಟದಲ್ಲಿ. ನಾನು ಇನ್ನೂ ಅದೇ ಕಚೇರಿಯಲ್ಲಿದ್ದೇನೆ.

ಕಡಾಯಿ ಗುಜರಿಗೆ ಹೋಗಲಿಲ್ಲ. ಸುಟ್ಟ ಪಾಕ ಕಲ್ಲಾಗಿ ಹಿಡಿದದ್ದನ್ನು ಕಾಕಾ ಎಂಟು ದಿನ ಇಟ್ಟಿಗೆ ಚೂರು, ಬೂದಿ ಹಾಕಿ ತಿಕ್ಕಿದರು. ತಿಕ್ಕಿ ಮುಗಿಸಿ ಮಾಲಕರಿಗೆ ಒಂದು ಮಾತು ಹೇಳಿದರು: ದಿನದ ಮೊದಲ ಕಡಾಯಿ ಬೆಂಡಿದು, ಇಲ್ಲಂದ್ರ ಬ್ಯಾರೆ ಗುಳವ್ಯಾನ್ನ ನೋಡ್ಕೋರಿ. ಬೇರೆ ಗುಳವ್ಯಾ ಆ ಸೀಮೆಯಲ್ಲಿ ಇಲ್ಲ. ಹಾಗಾಗಿ ಈ ಹಂಗಾಮಿನಲ್ಲಿ ಮೊದಲ ಕಡಾಯಿ ಕಪ್ಪು ಬೆಲ್ಲ. ಉಳಿದವು ಏನೆಂದು ಕೇಳಿದರೆ ಮಾಲಕರು ಆಕಾಶ ನೋಡುತ್ತಾರೆ. ಕಪ್ಪು ಬೆಲ್ಲಕ್ಕೆ ನಾನು ಹುಡುಕಿದ್ದು ನಿಪ್ಪಾಣಿಯ ಎರಡು ಅಂಗಡಿ, ಕೊಲ್ಲಾಪುರ ಕಡೆಯ ಒಂದು ಮಿಠಾಯಿಯವರು, ಅಷ್ಟೇ. ಅವರು ಬಣ್ಣದ ಪಟ್ಟಿ ಕಳಿಸಿಲ್ಲ.

ಹೋದ ವಾರ ಆಯಿ ಕೆಲಸಕ್ಕೆ ಮರಳಿದರು. ಧ್ವನಿ ಬಿದ್ದುಹೋಗಿದೆ, ಮಾತಾಡಿದರೆ ಜರಡಿಯಲ್ಲಿ ಮರಳು ಆಡಿದಂತೆ ಕೇಳುತ್ತದೆ. ಬಂದವರು ಒಳಗೆ ಹೋಗಲಿಲ್ಲ. ಬಾಗಿಲ ಮುಂದೆ ನಿಂತು ಚಿಲಕ ಇದ್ದ ಜಾಗವನ್ನು ಬೆರಳಿನಿಂದ ಮುಟ್ಟಿ ನೋಡಿದರು. ಹೊಗೆ ಎದ್ದ ದಿನವೇ ಕಾಕಾ ಕೊಕ್ಕೆಯಿಂದ ಅದನ್ನು ಕಿತ್ತು ಎಸೆದಿದ್ದರು, ನಾಲ್ಕು ತೂತು ಮಾತ್ರ ಉಳಿದಿವೆ. ಕಿಟಕಿಯ ಪ್ಲಾಸ್ಟಿಕ್ ಹೋಗಿ ಜಾಳಿಗೆ ಬಂದಿದೆ.

"ಏನಿಲ್ಲ ಬೇ, ಬರೇ ತೂತು," ಎಂದರು ಕಾಕಾ ಒಲೆಯ ಹತ್ತಿರದಿಂದ. "ಒಳಗ ಹೋಗು."

ಆಯಿ ಹೋಗಲಿಲ್ಲ. ನನ್ನ ಕಡೆ ತಿರುಗಿದರು. "ಅಕ್ಕಾರ, ಇವತ್ತ ನೀವ ಒಳಗ ಕೂಡ್ರಿ. ಬಾಗಲದಾಗ ನಾ ಇರ್ತೇನಿ."

ನಾನು ಆ ನಾಲ್ಕು ತೂತುಗಳನ್ನು ನೋಡಿದೆ.

"ಅರ್ಧ ತಾಸು ಅಷ್ಟೇರಿ," ಎಂದರು.

ಒಳಗೆ ಹೋಗಿ ಅಚ್ಚುಗಳ ಮುಂದೆ ಕೂತೆ. ಬಾಗಿಲು ಮುಚ್ಚಿಕೊಂಡಿತು. ಹೊರಗೆ ಹಾಲಿನ ಗಾಡಿ ನಿಂತ ಸದ್ದು, ಆಯಿಯ ಗೊಗ್ಗರು ಧ್ವನಿ, ಯಾರೋ ನಕ್ಕದ್ದು. ಕೋಣೆಯಲ್ಲಿ ಬಿಸಿ ಬೆಲ್ಲದ ವಾಸನೆ ಬಿಟ್ಟರೆ ಬೇರೇನೂ ಇರಲಿಲ್ಲ. ಮೂಸಿ ಮೂಸಿ ನೋಡಿದೆ, ಇರಲಿಲ್ಲ. ಒಂದು ಅಚ್ಚು ತೆಗೆದು ಹಾಳೆಯಲ್ಲಿ ಸುತ್ತಿದೆ, ಇನ್ನೊಂದು ತೆಗೆದೆ. ಬೆನ್ನು ಬಾಗಿಲಿಗೆ ಬರುವಂತೆ ಮಣೆ ಹಾಕಿದ್ದರು. ನಾನು ಅದನ್ನು ತಿರುಗಿಸಿ, ಬಾಗಿಲಿಗೆ ಮುಖ ಮಾಡಿ ಕೂತೆ.